ನಮ್ಮದಾಯ್ತಲ್ಲ, ಏಳಿ

ನನ್ನ ತಂಗಿಯ ಮಗಳು ಟೊರೊಂಟೋ ಪಕ್ಕದ ಮಿಸಿಸಾಗದಲ್ಲಿ, ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹದಿನಾಲ್ಕು ತಿಂಗಳು ಇದ್ದಳು. ಆ ಹದಿನಾಲ್ಕು ತಿಂಗಳಲ್ಲಿ ನಾನು ಅವಳಿಗೆ ಏನೇನು ಮಾಡಿದೆ ಅನ್ನುವುದನ್ನು ಬಹಳ ಕಾಲ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಿಲ್ಲ. ಯಾಕೆ ನಿಲ್ಲಿಸಿದೆ ಅಂತ ಬರೆದಿಡೋಣ ಅನ್ನಿಸಿ ಕೂತಿದ್ದೇನೆ.

ಅವಳು ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಅಲ್ಲಿ ಡಾಕ್ಟರು. ಹುಡುಗಿ ಫಾರ್ಮಸಿ ಓದಿ ಮುಗಿಸಿದ್ದಳು. ಇನ್ನು ಒಂದು ವರ್ಷದ ತರಬೇತಿ ಬಾಕಿ, ಅದಕ್ಕೆ ಜಾಗವೂ ಸಿಕ್ಕಿತ್ತು. ಅಂಥ ಹೊತ್ತಿನಲ್ಲಿ, ನಾನೇ ಹಾಡು ಬರೆದು ನಾನೇ ಹಾಡುತ್ತೇನೆ, ಬದುಕಿದರೆ ಅದರಲ್ಲೇ, ಅಂತ ಹಟ ಹಿಡಿದಳು. ಮನೆಯಲ್ಲಿ ರಂಪವೋ ರಂಪ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮೂರು ತಿಂಗಳು ಎಳೆದಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ತರಬೇತಿಯನ್ನು ಒಂದು ಸಲ, ಒಂದೇ ಒಂದು ಸಲ, ಮುಂದೂಡುವುದು. ಅಷ್ಟರೊಳಗೆ ಹಾಡಿನಲ್ಲಿ ಒಂದು ದಾರಿ ಕಂಡರೆ ಅವಳಿಷ್ಟ. ಕಾಣದಿದ್ದರೆ ಮರುವರ್ಷ ಕಳೆದು ಬರುವ ಜನವರಿಗೆ ಬಾಯಿ ಮುಚ್ಚಿಕೊಂಡು ವಾಪಸು ಬಂದು ಮಾತ್ರೆ ಎಣಿಸುವುದು.

"ಟೊರೊಂಟೋಗೆ ಕಳಿಸು, ನಮ್ಮ ಬೇಸ್‌ಮೆಂಟು ಖಾಲಿ ಬಿದ್ದಿದೆ" ಅಂತ ಹೇಳಿದವಳು ನಾನೇ. ಆ ವಯಸ್ಸಿನವರಿಗೆ ಇಲ್ಲಿ ಎರಡು ವರ್ಷ ಕೆಲಸ ಮಾಡುವ ವೀಸಾ ಸಿಗುತ್ತದೆ. ತಂಗಿ ಫೋನಿನಲ್ಲಿ, "ಅಕ್ಕ, ನೀನು ಅಂದ್ರೆ ಅವಳಿಗೆ ಸ್ವಲ್ಪ ಭಯ ಇದೆ, ಬುದ್ಧಿ ಹೇಳಿ ಕಳಿಸು" ಅಂದಳು. ಬುದ್ಧಿ ಹೇಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಒಂದು ನವೆಂಬರಿನಲ್ಲಿ ಗಿಟಾರು ಹೊತ್ತುಕೊಂಡು ಬಂದಳು. ಇಪ್ಪತ್ತಮೂರು ವರ್ಷ, ಕಡ್ಡಿಯಂಥ ಹುಡುಗಿ, ಮಾತು ಕಡಿಮೆ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಲೀಡ್ಸ್‌ನ ಇಂಗ್ಲಿಷಿನಲ್ಲಿ, ಇಲ್ಲಿ ಅದನ್ನು ನಾನೇ ಕನ್ನಡ ಮಾಡಿ ಬರೆದಿದ್ದೇನೆ. ಅವಳ ಇಂಗ್ಲಿಷಿಗಿಂತ ಅವಳ ಮುರುಕು ಕನ್ನಡವೇ ನಮಗೆ ಸಲೀಸು ಅಂತ ನನ್ನ ಗಂಡ ರೇಗಿಸುತ್ತಿದ್ದರು. ವಾನ್ ಅನ್ನುವ ಊರಿನ ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಹಿಡಿದಳು. ಮೂರು ಬಸ್ಸು ಬದಲಾಯಿಸಿ ಬೆಳಗಿನ ಶಿಫ್ಟಿಗೆ ಹೋಗಿ, ಮಧ್ಯಾಹ್ನ ಬಂದು, ಒಂದು ತಟ್ಟೆ ಅನ್ನ ತಿಂದು ಕೆಳಗೆ ಇಳಿದರೆ ಆಯಿತು. ಬೇಸ್‌ಮೆಂಟಿನ ಬಿಸಿಗಾಳಿಯ ಕೊಳವೆ ನನ್ನ ಅಡುಗೆಮನೆಗೂ ಬರುತ್ತದೆ. ಅವಳು ಅಲ್ಲಿ ಹಾಡಿದ್ದೆಲ್ಲ ನನ್ನ ಒಲೆಯ ಪಕ್ಕ ಬಂದು ಬೀಳುತ್ತಿತ್ತು. ಒಂದೇ ಸಾಲನ್ನು ನಲವತ್ತು ಸಲ ಹಾಡುತ್ತಿದ್ದಳು. ಮೊದಮೊದಲು ತಲೆ ಕೆಡುತ್ತಿತ್ತು.

ಒಂದು ದಿನ ಮೇಲೆ ಬಂದು ಬಾಗಿಲಲ್ಲಿ ನಿಂತು, "ದೊಡ್ಡಮ್ಮ, ಸಾರಿ, ಆದರೆ ನಿಮ್ಮ ಕುಕ್ಕರು ನನ್ನ ರೆಕಾರ್ಡಿಂಗಲ್ಲಿ ಬರ್ತಾ ಇದೆ" ಅಂದಳು. ನನ್ನ ಮನೆಯಲ್ಲಿ ನಾನು ಬೇಳೆ ಬೇಯಿಸಬಾರದೇನೇ ಅಂತ ಗದರಿದೆ. ಆದರೆ ಮರುದಿನದಿಂದ ಎರಡರಿಂದ ನಾಲ್ಕರವರೆಗೆ ಕುಕ್ಕರ್ ಇಡಲಿಲ್ಲ. ಇದು ನನ್ನ ಉಪಕಾರಗಳಲ್ಲಿ ಮೊದಲನೆಯದು. ನಿಜ ಹೇಳಬೇಕೆಂದರೆ, ಉಪಕಾರ ಅಂತ ಕರೆಯಬಹುದಾದದ್ದು ಬಹುಶಃ ಅದೊಂದೇ.

ಅವಳ ಹಾಡುಗಳು ನನಗೆ ಹಿಡಿಸಿದವು ಅಂತ ಸುಳ್ಳು ಹೇಳುವುದಿಲ್ಲ. ಶ್ರುತಿ ಶುದ್ಧವಾಗಿತ್ತು, ಗಂಟಲು ಚೆನ್ನಾಗಿತ್ತು, ಆದರೆ ಹಾಡು ಇನ್ನೇನು ಶುರುವಾಗುತ್ತದೆ ಅನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಒಂದು ಹಾಡು ಮಾತ್ರ ಕೇಳಿ ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಬೇಸ್‌ಮೆಂಟಿನ ಸಣ್ಣ ಕಿಟಕಿಯಿಂದ ಬರೀ ಕಾಲುಗಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಯಾರು ಬಂದರು ಯಾರು ಹೋದರು ಅನ್ನುವುದನ್ನು ಬೂಟು ನೋಡಿ ಕಲಿತೆ, ಅನ್ನುವ ಅರ್ಥದ ಹಾಡು. ಕೊನೆಯಲ್ಲಿ ನನ್ನ ಚಪ್ಪಲಿಯೂ ಬರುತ್ತಿತ್ತು. ಈ ಹುಡುಗಿಗೆ ದಾರಿ ಸಿಗಬೇಕು ಅಂತ ಆವತ್ತು ನನಗೂ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ನಾನು ಕೈಹಾಕಿದೆ.

ನಾನು ಕೈಹಾಕುವುದು ಅಂದರೆ ಏನು ಅನ್ನುವುದನ್ನು ಹೇಳಬೇಕು. ಇಲ್ಲಿನ ಕನ್ನಡದವರ ಕಾರ್ಯಕ್ರಮಗಳಲ್ಲಿ ಹದಿನೈದು ವರ್ಷ ವೇದಿಕೆ ನಡೆಸಿದವಳು ನಾನು. ಯಾರ ಮಗು ಯಾವಾಗ ಕುಣಿಯಬೇಕು, ಯಾರ ಭಾಷಣ ಎಲ್ಲಿ ಕತ್ತರಿಸಬೇಕು ಎಲ್ಲ ನನ್ನದೇ. ನಮ್ಮವರದು ಒಂದು ಪದ್ಧತಿ ಇದೆ. ತಮ್ಮ ಮಗುವಿನ ಐಟಂ ಬಂದಾಗ ಇಡೀ ಸಂಸಾರ ಮುಂದಿನ ಸಾಲಿಗೆ ಬಂದು ಫೋನು ಎತ್ತಿ ಹಿಡಿಯುತ್ತದೆ. ಮುಗಿದ ಕೂಡಲೇ ಮಗುವನ್ನು ಎತ್ತಿಕೊಂಡು, ಫೋಟೋ ತೆಗೆದು, ಊಟದ ಸಾಲಿಗೆ ನಡೆಯುತ್ತದೆ. ಮುಂದಿನ ಮಗು ಖಾಲಿ ಕುರ್ಚಿಗಳಿಗೆ ಕುಣಿಯಬೇಕು. ನಾನು ಮೈಕು ಹಿಡಿದು, "ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ, ಬೇರೆಯವರ ಮಕ್ಕಳೂ ಮಕ್ಕಳೇ" ಅಂತ ಎಷ್ಟು ಸಲ ಕಿರುಚಿದ್ದೇನೋ. ಒಂದು ವರ್ಷ ಕೊನೆಯ ಐಟಂ ಮುಗಿಯುವವರೆಗೆ ಊಟದ ಹಾಲಿಗೆ ಬೀಗ ಹಾಕಿಸಿದೆ. ಆಗ ನನಗೆ ಬಿದ್ದ ಬೈಗುಳ ಒಂದೆರಡಲ್ಲ.

ಮರುವರ್ಷದ ಅಕ್ಟೋಬರಿನಲ್ಲಿ ಹುಡುಗಿ ಮೊದಲ ಸಲ ನಗುನಗುತ್ತಾ ಮೆಟ್ಟಿಲು ಹತ್ತಿ ಬಂದಳು. ಟೊರೊಂಟೋದ ಆಚೆ ಬದಿಗೆ ಸ್ಟೌಫ್‌ವಿಲ್ ಅಂತ ಒಂದು ಊರು, ಆ ಕಡೆಯ ಒಬ್ಬ ಗಾಯಕಿ, ನಲವತ್ತೈದರ ಹೆಂಗಸು, ದೊಡ್ಡ ಹೆಸರೇನಲ್ಲ, ಆದರೆ ಸಣ್ಣ ಸಣ್ಣ ಊರುಗಳಲ್ಲಿ ಅವಳಿಗೆ ಅಂತಲೇ ಬರುವ ಜನ ಇದ್ದರು. ಎಲ್ಲೋ ಇವಳ ಹಾಡು ಕೇಳಿದ್ದಳಂತೆ. ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಸ್ಟೌಫ್‌ವಿಲ್‌ನ ಹಳೇ ಹಾಲೊಂದರಲ್ಲಿ ತನ್ನ ಕಛೇರಿ ಇದೆ, ಅದಕ್ಕೆ ಮೊದಲು ಅರ್ಧ ಗಂಟೆ ನೀನು ಹಾಡು ಅಂದಿದ್ದಳು. ಅದು ಚೆನ್ನಾಗಿ ನಡೆದರೆ ಮಾರ್ಚಿನಲ್ಲಿ ಹತ್ತು ಹನ್ನೆರಡು ಊರು ಸುತ್ತುವಾಗ ಇವಳನ್ನೇ ಜೊತೆಗೆ ಕರೆದುಕೊಂಡು ಹೋಗುವುದು. ಲೀಡ್ಸ್‌ನವರು ಕೇಳಿದ "ದಾರಿ" ಇದೇ. ಅಪ್ಪನಿಗೆ ಅವಳೇ ಫೋನು ಮಾಡಿದಳು. ಆತ, "ಮಾರ್ಚಿನ ಕೆಲಸ ಕೈಗೆ ಬಂದರೆ ನಾನು ಬಾಯಿ ತೆರೆಯೋದಿಲ್ಲ" ಅಂದ.

"ಒಂದಿಬ್ಬರನ್ನ ಕರ್ಕೊಂಡು ಬನ್ನಿ ದೊಡ್ಡಮ್ಮ" ಅಂದಳು. "ಬಾಗಿಲಲ್ಲಿ ಯಾರನ್ನ ಕೇಳೋಕೆ ಬಂದ್ರಿ ಅಂತ ಕೇಳ್ತಾರೆ. ನನ್ನ ಹೆಸರು ಯಾರೂ ಹೇಳದೇ ಇದ್ರೆ, ಇಟ್ಸ್ ಎಂಬರಸಿಂಗ್."

ಒಂದಿಬ್ಬರಂತೆ! ನಾನು ಇಪ್ಪತ್ತೆಂಟು ಜನರನ್ನು ಹೊರಡಿಸಿದೆ.

ನನ್ನ ಬಲಗೈ ಧಾರವಾಡದ ಗೆಳತಿ. ನನ್ನ ಹಾಗೇ ನಿವೃತ್ತ ಡಾಕ್ಟರು. ನಾವಿಬ್ಬರೂ ಒಂದೇ ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಅವಳ ಮಗ ಸ್ಟೌಫ್‌ವಿಲ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ. "ಹಾಡು ಕೇಳಿ ಎಲ್ಲಾರೂ ನಮ್ಮ ಮಗನ ಮನೀಗೆ ಊಟಕ್ಕ ಬರ್ರಿ, ಬಿಸಿ ಬಿಸಿ ಭಕ್ರಿ ಮಾಡಸ್ತೀನಿ" ಅಂದಳು. ಊಟ ಅಂದ ಮೇಲೆ ಯಾರು ತಪ್ಪಿಸಿಕೊಳ್ಳುತ್ತಾರೆ? ಮಿಸಿಸಾಗದಿಂದ ಏಳು ಕಾರು ಹೊರಟವು.

ಆ ಹಾಲಿನಲ್ಲಿ ಇದ್ದದ್ದೇ ಅರವತ್ತು ಕುರ್ಚಿ. ಇಪ್ಪತ್ತೆಂಟು ನಮ್ಮವು. ಆ ಗಾಯಕಿಗೆ ಅಂತ ಬಂದ ಆ ಊರಿನ ನಾಲ್ಕಾರು ಜನ ಜಾಗ ಇಲ್ಲದೆ ಬಾಗಿಲಿನಿಂದ ಹಿಂದಿರುಗುವುದನ್ನು ನಾನು ನೋಡಿದೆ. ನೋಡಿ ಹೆಮ್ಮೆಪಟ್ಟೆ. ಬಾಗಿಲಲ್ಲಿ ಕೂತ ಹುಡುಗ ಯಾರನ್ನು ಕೇಳಲು ಬಂದಿರಿ ಅಂದರೆ ನಮ್ಮವರೆಲ್ಲ ಒಬ್ಬರಾದ ಮೇಲೆ ಒಬ್ಬರು, "ನಮ್ಮ ಹುಡುಗಿ, ನಮ್ಮ ಹುಡುಗಿ" ಅಂದರು.

ಚೆನ್ನಾಗಿ ಹಾಡಿದಳು. ಇದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಮೊದಲ ಹಾಡಿನಲ್ಲಿ ಧ್ವನಿ ಸ್ವಲ್ಪ ನಡುಗಿತು, ಆಮೇಲೆ ನಿಂತಿತು. ನಮ್ಮವರು ಹಾಡಿನ ಮಧ್ಯೆ ಚಪ್ಪಾಳೆ ತಟ್ಟಿದರು, ಫೋನು ಎತ್ತಿದರು, ಯಾರೋ "ಒನ್ಸ್ ಮೋರ್" ಅಂದರು. ಅವಳು ನಕ್ಕಳು, ನಾಚಿದಳು. ಬೂಟಿನ ಹಾಡನ್ನು ಕೊನೆಗೆ ಇಟ್ಟಿದ್ದಳು. ಅದು ಮುಗಿದಾಗ ಆ ಊರಿನ ಜನ ಕೂಡ ಎದ್ದು ಚಪ್ಪಾಳೆ ಹೊಡೆದರು. ಗಾಯಕಿ ವೇದಿಕೆಗೆ ಬಂದು ಅವಳ ಭುಜ ಹಿಡಿದು ಏನೋ ಕಿವಿಯಲ್ಲಿ ಹೇಳಿದಳು. ಆಮೇಲೆ ತನ್ನ ಗಿಟಾರಿನ ತಂತಿ ಬಿಗಿದುಕೊಳ್ಳತೊಡಗಿದಳು.

ಆಗ ನಮ್ಮವರು ಎದ್ದರು.

ಇಪ್ಪತ್ತೆಂಟು ಜನ, ಇಪ್ಪತ್ತೆಂಟು ದಪ್ಪ ಜಾಕೆಟ್ಟು, ಇಪ್ಪತ್ತೆಂಟು ಜಿಪ್ಪು. ಕುರ್ಚಿ ಸರಿದವು, ಕಾರಿನ ಕೀಲಿ ಝಣಝಣ ಅಂದವು, ಯಾರೋ ಬಿದ್ದುಹೋದ ಗ್ಲೌಸು ಹುಡುಕಿದರು. ನನ್ನ ನೆನಪಿನಲ್ಲಿ ಮೊದಲು ಎದ್ದವಳು ಧಾರವಾಡದವಳು. ಊಟ ಅವಳ ಮಗನ ಮನೆಯಲ್ಲಿ ತಾನೇ, ಅವಳಿಗೆ ಅವಸರ. ಬಾಗಿಲಿನ ಹೊರಗಿನ ಸಣ್ಣ ಪಡಸಾಲೆಯಲ್ಲಿ ಎಲ್ಲರೂ ಸೇರಿ ಗ್ರೂಪ್ ಫೋಟೋ ಆಗಬೇಕೆಂದರು. ನಾನು ಒಳಗೆ ಹೋಗಿ ಹುಡುಗಿಯ ಕೈ ಹಿಡಿದು ಎಳೆದುಕೊಂಡು ಬಂದೆ. ಒಂದು ಶಾಲು ತಂದಿದ್ದೆವು, ಸನ್ಮಾನಕ್ಕೆ. ಅದನ್ನು ಹೊದಿಸಿದೆವು. ಒಳಗೆ ಹಾಡು ಶುರುವಾಗಿತ್ತು. ಹುಡುಗಿ ಬಾಗಿಲ ಕಡೆಯೇ ನೋಡುತ್ತಾ, "ದೊಡ್ಡಮ್ಮ, ಶಿ ಹ್ಯಾಸ್ ಸ್ಟಾರ್ಟೆಡ್, ನಾನು ಒಳಗೆ ಇರಬೇಕು" ಅಂದಳು. "ಎರಡು ನಿಮಿಷ ಕಣೇ, ಎಲ್ಲರೂ ಇಷ್ಟು ದೂರದಿಂದ ಬಂದಿದಾರೆ" ಅಂದೆ. ಶಾಲು ಜಾರಿತು, ಇನ್ನೊಂದು ಫೋಟೋ. ಒಬ್ಬರು ಕಣ್ಣು ಮುಚ್ಚಿದ್ದರು, ಮತ್ತೊಂದು ಫೋಟೋ. ಅಷ್ಟರಲ್ಲಿ ಆ ಗಾಯಕಿಯ ಮೂರು ಹಾಡು ಮುಗಿದಿದ್ದವು.

ಅವಳು ಊಟಕ್ಕೆ ಬರಲಿಲ್ಲ. ಒಳಗೆ ಹೋದವಳು ಕೊನೆಯವರೆಗೆ ಇದ್ದು, ಟ್ರೇನಿನಲ್ಲಿ ಟೊರೊಂಟೋದ ಯೂನಿಯನ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಬಂದಳಂತೆ. ನಾನು ಭಕ್ರಿ ತಿಂದು, ಎಲ್ಲರ ಹೊಗಳಿಕೆ ಕೇಳಿಸಿಕೊಂಡು ಬಂದು ಮಲಗಿದೆ.

ಗುರುವಾರ ಅವಳು ಫೋನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಗಾಯಕಿಯ ಸಂದೇಶ. ನೀನು ತುಂಬ ಚೆನ್ನಾಗಿ ಹಾಡಿದೆ, ಮಾರ್ಚಿಗೆ ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದೇನೆ, ನಿನಗೆ ಒಳ್ಳೆಯದಾಗಲಿ. ಅಷ್ಟೇ.

"ಯಾಕಂತೆ?" ಅಂದೆ.

"ಗೊತ್ತಿಲ್ಲ" ಅಂದಳು. ಫೋನು ಎತ್ತಿಕೊಂಡು ಕೆಳಗೆ ಹೋದಳು. ಆವತ್ತು ಎರಡರಿಂದ ನಾಲ್ಕರವರೆಗೆ ಕೊಳವೆಯಲ್ಲಿ ಏನೂ ಕೇಳಿಸಲಿಲ್ಲ.

ನನಗೆ ಗೊತ್ತಾಗದೇ ಇರುತ್ತದೆಯೇ? ಹದಿನೈದು ವರ್ಷ ಮೈಕಿನಲ್ಲಿ ಕಿರುಚಿದವಳಿಗೆ? ಕುರ್ಚಿ ಖಾಲಿ ಮಾಡಿಕೊಂಡು ಎದ್ದರಲ್ಲ, ಅದೇ. ಸಿಟ್ಟು ನೆತ್ತಿಗೇರಿತು. ಧಾರವಾಡದವಳಿಗೆ ಫೋನು ಹಚ್ಚಿದೆ.

"ನಿನ್ನ ಭಕ್ರಿ ಆರಿಹೋಗತ್ತೆ ಅಂತ ಎಲ್ಲರನ್ನೂ ಎಬ್ಬಿಸಿದೆಯಲ್ಲ, ಹುಡುಗಿ ಬಾಳು ಹಾಳಾಯ್ತು" ಅಂದೆ.

"ಏ, ನಾ ಎಲ್ಲೆ ಎಬ್ಬಿಸಿದೆನವಾ? ನೀ ಎದ್ದಿ, ನಿನ್ನ ಹಿಂದ ನಾವು ಎದ್ವಿ."

"ಸುಳ್ಳು ಹೇಳಬೇಡ. ಹದಿನೈದು ವರ್ಷ ಬೇರೆಯವರನ್ನ ಕೂರಿಸಿದವಳು ನಾನು. ನಾನು ಏಳ್ತೀನಾ?"

"ನಿನಗ ಹೆಂಗ ಬೇಕೋ ಹಂಗ ಇಟ್ಕೋ" ಅಂದು ಫೋನು ಇಟ್ಟಳು. ನನ್ನ ಬಾಣಂತನದಲ್ಲಿ ಮೆಂತ್ಯದ ಉಂಡೆ ಮಾಡಿ ತಂದುಕೊಟ್ಟವಳು. ಅವಳ ಜೊತೆ ಮಾತು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ಎಲ್ಲರ ಹತ್ತಿರವೂ ಹೇಳಿದೆ. ಹುಡುಗಿಯ ಎದುರಿಗೆ, ಊಟದ ಮೇಜಿನಲ್ಲಿ, ದಿನಾ ಹೇಳಿದೆ. ಅವಳು ತಟ್ಟೆ ನೋಡಿಕೊಂಡು ಕಲಸುತ್ತಿದ್ದಳು.

ಡಿಸೆಂಬರಿನಲ್ಲಿ ನನಗೆ ತಡೆಯಲಾಗಲಿಲ್ಲ. ಆ ಗಾಯಕಿ ಒಂದು ಲೈಬ್ರರಿಯಲ್ಲಿ ಮಧ್ಯಾಹ್ನ ಹಾಡುತ್ತಾಳೆ ಅಂತ ತಿಳಿದು, ಯಾರಿಗೂ ಹೇಳದೆ ಒಬ್ಬಳೇ ಹೋದೆ. ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೆ ಕೇಳಿದೆ. ಆಮೇಲೆ ಹತ್ತಿರ ಹೋಗಿ, ಆವತ್ತು ಎದ್ದುಹೋದವರು ನಮ್ಮ ಜನ, ತಪ್ಪು ಅವರದು, ಹುಡುಗಿಯದಲ್ಲ, ಅವಳನ್ನು ಕೈಬಿಡಬೇಡಿ ಅಂತ ಬೇಡಿಕೊಂಡೆ. ನನ್ನ ವಯಸ್ಸಿಗೆ ಅದು ಸುಲಭವಾಗಿರಲಿಲ್ಲ.

ಆಕೆ ಗಿಟಾರನ್ನು ಪೆಟ್ಟಿಗೆಯೊಳಗೆ ಮಲಗಿಸುತ್ತಾ, ಮೆತ್ತಗೆ, "ಖಾಲಿ ಕುರ್ಚಿಗಳಿಗೆ ಇಪ್ಪತ್ತು ವರ್ಷದಿಂದ ಹಾಡಿದ್ದೇನೆ. ಅದಕ್ಕೆ ನನಗೆ ಬೇಜಾರಿಲ್ಲ" ಅಂದಳು. "ಆದರೆ ಮೂರು ವಾರ ಒಂದೇ ವ್ಯಾನಿನಲ್ಲಿ ಓಡಾಡಬೇಕು. ಜೊತೆಯವರು ನನ್ನ ಹಾಡು ಕೇಳುತ್ತಾರೆ, ನಾನು ಅವರದು ಕೇಳುತ್ತೇನೆ. ನಮ್ಮಲ್ಲಿ ಇರುವ ನಿಯಮ ಅದೊಂದೇ. ನಾನು ತಲೆ ಎತ್ತಿ ನೋಡಿದಾಗ ನಿಮ್ಮ ಹುಡುಗಿ ಒಳಗೆ ಇರಲಿಲ್ಲ."

ಅವಳನ್ನು ಹೊರಗೆ ಎಳೆದುಕೊಂಡು ಹೋದದ್ದು ನಾನು ಅಂತ ಹೇಳಿದೆ. ಮಾರ್ಚಿಗೆ ಆಗಲೇ ಮಾತು ಕೊಟ್ಟಾಗಿದೆ ಅಂದಳು. ನನ್ನ ಕೈ ಹಿಡಿದು ಅದುಮಿದಳು, ಅದು ಇನ್ನೂ ಕಷ್ಟವಾಯಿತು.

ಮನೆಗೆ ಬಂದು ಹುಡುಗಿಗೆ ಎಲ್ಲ ಹೇಳಿದೆ. "ನನಗೆ ಗೊತ್ತಿತ್ತು ದೊಡ್ಡಮ್ಮ" ಅಂದಳು. ಆ ಗುರುವಾರವೇ ಕೇಳಿದ್ದಳಂತೆ, ಗಾಯಕಿ ಹೇಳಿದ್ದಳಂತೆ. ಮತ್ತೆ ಗೊತ್ತಿಲ್ಲ ಅಂದೆಯಲ್ಲ ಅಂದರೆ ಭುಜ ಕುಣಿಸಿದಳು. ಒಂದು ಫೋಟೋಗೆ ಹೀಗಾಗಬೇಕೇ, ಮೊದಲು ಆ ಧಾರವಾಡದವಳು ಏಳದೇ ಇದ್ದಿದ್ದರೆ ಫೋಟೋ ಮಾತೇ ಬರುತ್ತಿರಲಿಲ್ಲ ಅಂತ ನಾನು ಮತ್ತೆ ಶುರು ಮಾಡಿದೆ. ಅವಳು ಮೆಟ್ಟಿಲು ಇಳಿದು ಕೆಳಗೆ ಹೋದಳು.

ಜನವರಿಯ ಎರಡನೇ ವಾರ ಲೀಡ್ಸ್‌ಗೆ ಹೋದಳು. ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಿದಳು, ಅವರಮ್ಮ ಹೇಳಿಕೊಟ್ಟಿರಬೇಕು. ಆವತ್ತಿನಿಂದ ಅಡುಗೆಮನೆಯ ಕೊಳವೆಯಲ್ಲಿ ಬರೀ ಗಾಳಿ ಬರುತ್ತದೆ. ಎರಡು ಗಂಟೆಗೆ ಕುಕ್ಕರ್ ಇಡಲು ಈಗಲೂ ನನ್ನ ಕೈ ಮುಂದಾಗುವುದಿಲ್ಲ.

ಈಗ ಅವಳು ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ತರಬೇತಿ ಮಾಡುತ್ತಿದ್ದಾಳೆ. ಶನಿವಾರ ಎಲ್ಲೋ ಹಾಡುತ್ತಾಳೆ ಅಂತ ತಂಗಿ ಹೇಳುತ್ತಾಳೆ. "ಹವ್ಯಾಸ ಆಗಿ ಇರಲಿ ಬಿಡು" ಅಂತಲೂ ಹೇಳುತ್ತಾಳೆ. ಹಾಗೆ ಅಂದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಆದರೆ ನನ್ನ ಬಾಯಿಗೆ ಆ ಹಕ್ಕು ಉಳಿದಿಲ್ಲ.

ಹೋದ ತಿಂಗಳು ನಾನೇ ಅವಳನ್ನು ಕೇಳಿದೆ, ಆ ಬೂಟಿನ ಹಾಡು ಕಳಿಸೇ, ಕೇಳಬೇಕು ಅನ್ನಿಸಿದೆ ಅಂತ. ಎರಡು ದಿನ ಬಿಟ್ಟು ಕಳಿಸಿದಳು. ಸ್ಟೌಫ್‌ವಿಲ್ ಹಾಲಿನಲ್ಲಿ ಆವತ್ತು ಮಾಡಿಕೊಂಡ ರೆಕಾರ್ಡಿಂಗು, ಆ ಹಾಡಿನದು ಅವಳ ಹತ್ತಿರ ಉಳಿದಿರುವುದು ಅದೊಂದೇ ಅಂತೆ. ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೇಳಿದೆ. ಕಾಲುಗಳು ಬಂದವು, ಬೂಟುಗಳು ಬಂದವು, ಕೊನೆಯಲ್ಲಿ ನನ್ನ ಚಪ್ಪಲಿ ಬಂತು. ಕಣ್ಣು ಒರೆಸಿಕೊಂಡೆ. ಚಪ್ಪಾಳೆ. ಅದನ್ನು ನಿಲ್ಲಿಸಬೇಕು ಅಂತ ಕೈ ಚಾಚಿದೆ, ಕೈ ಒದ್ದೆಯಾಗಿತ್ತು, ಟವೆಲ್ಲು ಹುಡುಕುವಷ್ಟರಲ್ಲಿ ಚಪ್ಪಾಳೆ ನಿಂತಿತು.

ಒಂದು ಹೆಂಗಸಿನ ದೊಡ್ಡ ಗಂಟಲು, ಮೈಕಿಗೆ ಪಳಗಿದ ಗಂಟಲು: "ನಮ್ಮದಾಯ್ತಲ್ಲ, ಏಳಿ, ಏಳಿ! ಊಟಕ್ಕೆ ತಡ ಆಗತ್ತೆ."

ಅದರ ಹಿಂದೆಯೇ, ಸಣ್ಣಗೆ, ಧಾರವಾಡದವಳು: "ಇನ್ನೊಬ್ಬಾಕಿ ಹಾಡೂದು ಐತಲ್ಲವಾ, ಕೂಡೂಣೇನು?"

"ಅಯ್ಯೋ, ಅವರದು ಅವರ ಜನ ಕೇಳ್ತಾರೆ ಬಿಡು" ಅಂತ ಆ ದೊಡ್ಡ ಗಂಟಲು. ಆಮೇಲೆ ಜಿಪ್ಪು, ಜಿಪ್ಪು, ಜಿಪ್ಪು.

ಮೂರು ಸಲ ಹಿಂದಕ್ಕೆ ಹೋಗಿ ಕೇಳಿದೆ. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಕೋತಿಗಾದರೂ ತಾನು ತಿಂದದ್ದು ಗೊತ್ತಿತ್ತು. ನನಗೆ ಅದೂ ಗೊತ್ತಿರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ, ಆಣೆ ಇಟ್ಟು ಹೇಳುವಷ್ಟು ನಂಬಿದ್ದೆ. ಅದೇ ನನಗೆ ಭಯವಾದದ್ದು.

ಧೈರ್ಯ ಇಳಿದುಹೋಗುವ ಮೊದಲು ಧಾರವಾಡದವಳಿಗೆ ಫೋನು ಮಾಡಿ, ನೀನು ಕೂಡೋಣ ಅಂದಿದ್ದೆ, ನಾನೇ ಎಬ್ಬಿಸಿದ್ದು ಅಂದೆ. ಅವಳು, "ಈಗ ಅದರ ಮಾತ್ಯಾಕ, ಊಟ ಆತೇನು?" ಅಂದಳು.

ಆಮೇಲೆ ಲೀಡ್ಸ್‌ಗೆ ಮಾಡಿದೆ. ಹುಡುಗಿ ಕೆಲಸದಿಂದ ಆಗ ತಾನೇ ಬಂದಿದ್ದಳು, ಬಾಯಲ್ಲಿ ಏನೋ ತಿಂಡಿ ಇತ್ತು. ನಿನಗೆ ಇದು ಮೊದಲಿನಿಂದ ಗೊತ್ತಿತ್ತಲ್ಲ, ನಾನು ಎರಡು ತಿಂಗಳು ದಿನಾ ಊಟದ ಹೊತ್ತಿಗೆ ಆ ಪಾಪದವಳನ್ನು ಬೈಯುತ್ತಿದ್ದೆ, ಒಂದು ಮಾತು ಹೇಳಬಾರದಿತ್ತೇನೇ ಅಂತ ಕೇಳಿದೆ. ಅತ್ತುಕೊಂಡೇ ಕೇಳಿದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಈ ಸಲ ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದಳು.

"ನಾನು ನಿಮ್ಮ ಮನೇಲಿ ಇದ್ದೆ ಅಲ್ವಾ ದೊಡ್ಡಮ್ಮ. ಹೆಂಗೆ ಹೇಳೋದು?"

ಹೌದು ಕಣೇ ಅಂದೆ. ಅವಳು ಊಟ ಮುಗಿಸಲಿ ಅಂತ ಫೋನು ಇಟ್ಟೆ.